ಪಂಚೆಯೂ ಸಕ್ಕರೆಯೇ, ಆದರೆ ಕರಗಲ್ಲ

ಟೀ ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿ ಎರಡು ಸಲ ತಿರುಗಿಸಿದರೆ ಸಕ್ಕರೆ ಮಾಯ. ಈಗ ಹಿತ್ತಲ ತಂತಿಯ ಮೇಲೆ ಒಣಗುತ್ತಿರುವ ಹತ್ತಿ ಪಂಚೆ ನೋಡಿ. ವರ್ಷಗಟ್ಟಲೆ ಅದನ್ನು ನೆನೆಸಿದ್ದಾರೆ, ಬಿಸಿನೀರಲ್ಲಿ ಅದ್ದಿದ್ದಾರೆ, ಕಲ್ಲಿಗೆ ಬಡಿದಿದ್ದಾರೆ. ಅಂಚು ಸವೆದಿದೆ, ಬಣ್ಣ ಮಾಸಿದೆ. ಕರಗಿಲ್ಲ.

ತಮಾಷೆ ಏನು ಗೊತ್ತಾ? ಆ ಪಂಚೆಯೂ ಸಕ್ಕರೆಯಿಂದಲೇ ಆಗಿದ್ದು. ಟೀಗೆ ಹಾಕುವ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್. ಹತ್ತಿ ನೂಲು ಹೆಚ್ಚುಕಡಿಮೆ ಪೂರ್ತಿ ಗ್ಲೂಕೋಸ್, ಒಂದರ ಪಕ್ಕ ಒಂದು ಪೋಣಿಸಿಟ್ಟ ಸರ. ಆ ಸರದ ಹೆಸರು ಸೆಲ್ಯುಲೋಸ್. ಹತ್ತಿ, ಕಟ್ಟಿಗೆ, ಬಿದಿರು, ಕಬ್ಬಿನ ಸಿಪ್ಪೆ, ಬಾಳೆ ನಾರು, ಎಲ್ಲದರಲ್ಲೂ ಇರುವುದು ಇದೇ. ಕಟ್ಟಿಗೆಯ ತೂಕದಲ್ಲಿ ಶೇ. 40ರಿಂದ 50ರಷ್ಟು, ಹತ್ತಿಯಲ್ಲಿ ಶೇ. 90ಕ್ಕೂ ಜಾಸ್ತಿ. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಬೇರೆಬೇರೆ ಗಿಡಗಳಿಂದ ಇದನ್ನು ಬೇರ್ಪಡಿಸಿ, ಎಲ್ಲದರಲ್ಲೂ ಇರುವುದು ಒಂದೇ ವಸ್ತು ಎಂದು ತೋರಿಸಿದರು.

ಅನ್ನದ ಪಿಷ್ಟವೂ ಗ್ಲೂಕೋಸ್ ಸರವೇ. ವ್ಯತ್ಯಾಸ ಇರುವುದು ಪೋಣಿಸುವ ರೀತಿಯಲ್ಲಿ. ಪಿಷ್ಟದಲ್ಲಿ ಮಣಿಗಳೆಲ್ಲ ಒಂದೇ ಕಡೆ ಮುಖ ಮಾಡಿ ಕೂರುವುದರಿಂದ ಸರ ಸುರುಳಿ ಸುತ್ತುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಮಣಿ ಮೇಲ್ಮುಖ, ಮುಂದಿನದು ಕೆಳಮುಖ. ಹಾಗಾಗಿ ಸರ ನೆಟ್ಟಗೆ, ಕೋಲಿನಂತೆ ನಿಲ್ಲುತ್ತದೆ. ಅಷ್ಟಕ್ಕೇ ನಮ್ಮ ಹೊಟ್ಟೆ ಸೋತುಬಿಡುತ್ತದೆ. ಅನ್ನ ಅರಗುತ್ತದೆ, ಹುಲ್ಲು ಅರಗಲ್ಲ. ಹಸುವಿಗೂ ಸ್ವಂತ ಶಕ್ತಿಯಿಂದ ಅರಗಲ್ಲ. ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ.

ಇನ್ನು ಕರಗದಿರುವ ವಿಷಯ. ಒಂದೊಂದು ಗ್ಲೂಕೋಸ್ ಮಣಿಗೂ ಮೂರು ಕೈಗಳಿವೆ ಅಂದುಕೊಳ್ಳಿ. ರಸಾಯನಶಾಸ್ತ್ರದಲ್ಲಿ ಇವಕ್ಕೆ ಹೈಡ್ರಾಕ್ಸಿಲ್ ಗುಂಪು ಅನ್ನುತ್ತಾರೆ: ಒಂದು ಆಕ್ಸಿಜನ್, ಅದಕ್ಕಂಟಿದ ಒಂದು ಹೈಡ್ರೋಜನ್. ನೀರಿಗೆ ಈ ಕೈಗಳೆಂದರೆ ಬಹಳ ಇಷ್ಟ. ಬಿಡಿ ಗ್ಲೂಕೋಸ್ ಆದರೆ ನೀರು ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ. ಸೆಲ್ಯುಲೋಸಿನಲ್ಲಿ ಹಾಗಾಗಲ್ಲ, ಯಾಕೆಂದರೆ ಸರಗಳು ನೆಟ್ಟಗೆ ಪಕ್ಕಪಕ್ಕದಲ್ಲಿ ಮಲಗಿ ಒಂದರ ಕೈಯನ್ನು ಇನ್ನೊಂದು ಹಿಡಿದುಕೊಂಡಿರುತ್ತವೆ. ಒಂದು ಹಿಡಿತ ಬಿಡಿಸುವುದು ಸುಲಭ. ಆದರೆ ಹತ್ತಿಯ ಒಂದು ಸರದಲ್ಲಿ ಹತ್ತು ಸಾವಿರದಷ್ಟು ಮಣಿಗಳಿವೆ. ಜಾತ್ರೆಯಲ್ಲಿ ಒಬ್ಬನನ್ನು ಗುಂಪಿನಿಂದ ಎಳೆಯಬಹುದು, ಕೈಕೈ ಹಿಡಿದ ಹತ್ತು ಸಾವಿರ ಜನರ ಸಾಲನ್ನು ಎಳೆಯೋದು ಹೇಗೆ? ನೀರು ಬರುತ್ತದೆ, ಹೊರಗಿನವರನ್ನು ಮುಟ್ಟುತ್ತದೆ, ಒಳಗೆ ನುಗ್ಗಲಾರದೆ ನಿಲ್ಲುತ್ತದೆ.

ಒಂದು ಹಳೆಯ ದಿನಪತ್ರಿಕೆ ನೆನೆಸಿ ನೋಡಿ. ಕಾಗದ ಕೈಯಲ್ಲೇ ಪಿಸಿದುಹೋಗುತ್ತದೆ. ಕಾಗದ ಕರಗಿತಲ್ಲ ಅಂತ ಕೇಳಬಹುದು. ಕರಗಿಲ್ಲ. ನಾರು ಮತ್ತು ನಾರಿನ ನಡುವಿನ ಸಡಿಲ ಹಿಡಿತವನ್ನು ಮಾತ್ರ ನೀರು ಬಿಡಿಸಿದೆ. ಆ ಮುದ್ದೆಯನ್ನು ಬಟ್ಟೆಯ ಮೇಲೆ ಹರವಿ ಒಣಗಿಸಿದರೆ ನಾರುಗಳು ಮತ್ತೆ ಕೈ ಹಿಡಿದು ಕಾಗದವಾಗುತ್ತವೆ. ಒಂದೊಂದು ನಾರಿನ ಒಳಗೆ ಒತ್ತೊತ್ತಾಗಿ ಮಲಗಿರುವ ಸರಗಳಿಗೆ ಏನೂ ಆಗಿರುವುದಿಲ್ಲ.

ಬಿಸಿ ಮಾಡಿ ಬಗ್ಗಿಸೋಣ ಅಂದರೆ ಅದೂ ಆಗಲ್ಲ. ಪ್ಲಾಸ್ಟಿಕ್ ಬಕೆಟ್ ಕಾಯಿಸಿದರೆ ಮೆತ್ತಗಾಗಿ ಕರಗುತ್ತದೆ. ಹತ್ತಿ ಹಾಗಲ್ಲ, ಹಿಡಿದ ಕೈಗಳು ಬಿಡುವ ಮೊದಲೇ ಸರವೇ ಮುರಿದು ಕರಿಯಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಮರೆತು ಶರ್ಟ್ ಸುಟ್ಟುಕೊಂಡವರಿಗೆ ಇದು ಗೊತ್ತು.

ಅಂದರೆ ನೆಲದ ಮೇಲೆ ಇಷ್ಟೊಂದು ಪ್ರಮಾಣದಲ್ಲಿ ಬೆಳೆಯುವ ವಸ್ತು, ಅಚ್ಚಿಗೆ ಹೊಯ್ಯಲು ಬರಲ್ಲ, ನೀರಲ್ಲಿ ಕಲಸಲು ಬರಲ್ಲ. ಇದನ್ನು ದಾರಿಗೆ ತರಲು ಕಳೆದ ಇನ್ನೂರು ವರ್ಷಗಳಲ್ಲಿ ರಸಾಯನಶಾಸ್ತ್ರಜ್ಞರು ಕಂಡುಕೊಂಡ ಮುಖ್ಯ ಉಪಾಯ ಒಂದು. ಆ ಕೈಗಳಿಗೆ ಏನಾದರೂ ಕಟ್ಟಿಬಿಡಿ, ಆಗ ಅವು ಒಂದನ್ನೊಂದು ಹಿಡಿಯಲಾರವು. ಏನು ಕಟ್ಟುತ್ತೀರಿ, ಎಷ್ಟು ಕೈಗೆ ಕಟ್ಟುತ್ತೀರಿ ಅನ್ನುವುದರ ಮೇಲೆ ಮುಂದಿನ ಕಥೆ. ಅದೇ ಹತ್ತಿ ಕಣ್ಣಿಗೆ ಹಾಕುವ ಹನಿಯೂ ಆಗಬಹುದು, ತೋಪಿನ ಮದ್ದೂ ಆಗಬಹುದು.

ಆದರೆ ಕಟ್ಟಬೇಕಾದರೆ ಮೊದಲು ಒಳಗೆ ಹೋಗಬೇಕಲ್ಲ? ಅದಕ್ಕೆ ಬಾಗಿಲು ತೆರೆಯುವುದು ಕಾಸ್ಟಿಕ್ ಸೋಡಾ. ಇಂಗ್ಲೆಂಡಿನ ಜಾನ್ ಮರ್ಸರ್ 1844ರ ಸುಮಾರಿಗೆ ಗಟ್ಟಿ ಕಾಸ್ಟಿಕ್ ದ್ರಾವಣವನ್ನು ಹತ್ತಿ ಬಟ್ಟೆಯಲ್ಲಿ ಸೋಸುವಾಗ ಬಟ್ಟೆ ಕುಗ್ಗಿ ದಪ್ಪಗಾದದ್ದನ್ನು ಗಮನಿಸಿದರು. ಕಾಸ್ಟಿಕ್ ಸರಗಳ ನಡುವೆ ನುಗ್ಗಿ ಹಿಡಿತ ಸಡಿಲಿಸಿತ್ತು. 1850ರಲ್ಲಿ ಪೇಟೆಂಟ್ ಪಡೆದರು. ಬಟ್ಟೆ ಕುಗ್ಗುತ್ತೆ ಅನ್ನುವ ಕಾರಣಕ್ಕೆ ಯಾರೂ ಅಷ್ಟಾಗಿ ಕೇಳಲಿಲ್ಲ. ಸುಮಾರು ನಲವತ್ತು ವರ್ಷದ ನಂತರ ಹೊರೇಸ್ ಲೋ ಎಂಬವರು, ಕುಗ್ಗದಂತೆ ಬಿಗಿಯಾಗಿ ಎಳೆದು ಹಿಡಿದು ಅದೇ ಕೆಲಸ ಮಾಡಿದರೆ ನೂಲಿಗೆ ರೇಷ್ಮೆಯಂಥ ಹೊಳಪು ಬರುತ್ತದೆಂದು ತೋರಿಸಿದರು. ಅಂಗಡಿಯಲ್ಲಿ ‘ಮರ್ಸರೈಸ್ಡ್ ಕಾಟನ್’ ಅಂತ ಜಾಸ್ತಿ ದುಡ್ಡು ಕೇಳುತ್ತಾರಲ್ಲ, ಅದು ಇದೇ. ಇಲ್ಲಿ ಕೈಗೆ ಏನನ್ನೂ ಕಟ್ಟಿಲ್ಲ, ಸರಗಳು ಮಲಗಿದ್ದ ಭಂಗಿ ಬದಲಾಗಿದೆ ಅಷ್ಟೆ.

ನಿಜವಾಗಿ ಕಟ್ಟುವುದನ್ನು ನೋಡಬೇಕಾದರೆ ಸಿಎಂಸಿಯಷ್ಟು ಒಳ್ಳೆಯ ಉದಾಹರಣೆ ಇಲ್ಲ. ಪೂರ್ತಿ ಹೆಸರು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಉಚ್ಚರಿಸುವಷ್ಟರಲ್ಲಿ ಐಸ್‌ಕ್ರೀಮ್ ಕರಗಿರುತ್ತದೆ. ಐಸ್‌ಕ್ರೀಮ್ ಅಂದದ್ದು ಸುಮ್ನೆ ಅಲ್ಲ, ಡಬ್ಬಿ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಸ್ಟೆಬಿಲೈಸರ್ 466 ಅಂತ ಎಷ್ಟೋ ಸಲ ಕಾಣುತ್ತದೆ. ಅದೇ ಇದು.

ಮಾಡುವ ಕ್ರಮ ಹೀಗೆ. ಮರದ ತಿರುಳನ್ನೋ, ಹತ್ತಿ ಬೀಜಕ್ಕೆ ಅಂಟಿ ಉಳಿಯುವ ಗಿಡ್ಡ ನಾರನ್ನೋ ಆಲ್ಕೋಹಾಲಿನಲ್ಲಿ ತೇಲಿಸುತ್ತಾರೆ. ಬರೀ ನೀರಾದರೆ ಮುಂದೆ ಎಲ್ಲ ಅಂಟಾಗಿ ಕೂತುಬಿಡುತ್ತದೆ, ಅದಕ್ಕೆ ಆಲ್ಕೋಹಾಲ್. ಕಾಸ್ಟಿಕ್ ಹಾಕಿದಾಗ ನಾರು ಉಬ್ಬುತ್ತದೆ, ಕೈಗಳ ತುದಿಯ ಹೈಡ್ರೋಜನ್ ಕಳಚುತ್ತದೆ. ಆಮೇಲೆ ಮೊನೊಕ್ಲೋರೋ ಅಸಿಟಿಕ್ ಆಮ್ಲ ಸೇರಿಸಿ ಕೆಲವು ಗಂಟೆ ಬೆಚ್ಚಗಿಡುತ್ತಾರೆ. ಆಮ್ಲದಲ್ಲಿದ್ದ ಕ್ಲೋರಿನ್ ಕಾಸ್ಟಿಕ್‌ನ ಸೋಡಿಯಂ ಜೊತೆ ಹೊರಟುಹೋಗುತ್ತದೆ. ಸೋಡಿಯಂ, ಕ್ಲೋರಿನ್ ಸೇರಿದರೆ ನಮ್ಮ ಅಡುಗೆ ಉಪ್ಪು! ಉಳಿದ ತುಣುಕು ಸೆಲ್ಯುಲೋಸಿನ ಕೈಗೆ ಬಾಲದಂತೆ ಅಂಟಿಕೊಳ್ಳುತ್ತದೆ. ಉಪ್ಪು ತೊಳೆದು ಒಣಗಿಸಿದರೆ ಬಿಳಿ ಪುಡಿ ಸಿದ್ಧ.

ಆ ಬಾಲದ ತುದಿಗೆ ಋಣ ವಿದ್ಯುದಂಶ ಇದೆ. ಅಕ್ಕಪಕ್ಕದ ಸರಗಳಲ್ಲೂ ಅದೇ ಋಣ, ಹಾಗಾಗಿ ಒಂದನ್ನೊಂದು ತಳ್ಳುತ್ತವೆ. ಕೈ ಹಿಡಿಯುತ್ತಿದ್ದವರು ಈಗ ದೂರ ಸರಿದು ನಿಲ್ಲುತ್ತಾರೆ, ಆ ಜಾಗಕ್ಕೆ ನೀರು ನುಗ್ಗುತ್ತದೆ. ಪಂಚೆ ಕರಗದ ನೀರಲ್ಲಿ ಪಂಚೆಯ ಈ ಸೋದರ ಕರಗುತ್ತಾನೆ. ಉದ್ದುದ್ದ ಸರಗಳು ನೀರಿನ ತುಂಬ ಕೈಕಾಲು ಚಾಚಿ ಹರಡಿಕೊಳ್ಳುವುದರಿಂದ ನೀರು ಗಂಜಿಯಂತೆ ದಪ್ಪಗಾಗುತ್ತದೆ. ಶೇ. 1ರಷ್ಟು ಪುಡಿ ಸಾಕು.

ಎಲ್ಲ ಕೈಗೂ ಬಾಲ ಕಟ್ಟಬೇಕಿಲ್ಲ. ಹತ್ತು ಮಣಿ ತೆಗೆದುಕೊಂಡರೆ ಮೂವತ್ತು ಕೈ. ಅದರಲ್ಲಿ ಏಳಕ್ಕೆ ಬಾಲ ಇದ್ದರೆ, ಮಣಿಯೊಂದಕ್ಕೆ ಸರಾಸರಿ 0.7. ಈ ಸಂಖ್ಯೆಗೆ ಕಾರ್ಖಾನೆಯಲ್ಲಿ ಡಿಎಸ್ ಅನ್ನುತ್ತಾರೆ. ಅದು 0ಯಿಂದ 3ರವರೆಗೆ ಎಷ್ಟೂ ಇರಬಹುದು. ಸಿಎಂಸಿಯಲ್ಲಿ 0.4ಕ್ಕಿಂತ ಕಮ್ಮಿಯಾದರೆ ಪುಡಿ ನೀರಲ್ಲಿ ಉಬ್ಬುತ್ತದೆಯೇ ಹೊರತು ಸರಿಯಾಗಿ ಕರಗಲ್ಲ. ಸಾಮಾನ್ಯವಾಗಿ ಬಳಸುವುದು 0.6ರಿಂದ 0.95. ಈ ಲೇಖನದಲ್ಲಿ ಒಂದೇ ಒಂದು ಪದ ನೆನಪಿಟ್ಟುಕೊಳ್ಳುವುದಾದರೆ ಡಿಎಸ್ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ನಾನು ಮೊದಲ ಸಲ ಸಿಎಂಸಿ ಪುಡಿಯನ್ನು ಲೋಟದ ನೀರಿಗೆ ಒಮ್ಮೆಗೇ ಸುರಿದು ಪಜೀತಿ ಪಟ್ಟಿದ್ದೆ. ಮೀನಿನ ಕಣ್ಣಿನಂಥ ಗಂಟುಗಳು, ಹೊರಗೆ ಲೋಳೆ, ಒಳಗೆ ಒಣ ಪುಡಿ. ಎಷ್ಟು ಕಲಕಿದರೂ ಒಡೆಯಲ್ಲ. ಹೊರಪದರ ನೀರು ಕುಡಿದು ಲೋಳೆಯಾಗಿ ಒಳಗಿನ ಪುಡಿಗೆ ನೀರು ಹೋಗದಂತೆ ತಡೆಯುತ್ತದೆ. ಅಡುಗೆಯವರ ಉಪಾಯ ಸರಳ: ಪುಡಿಯನ್ನು ಮೊದಲು ನಾಲ್ಕೈದು ಪಟ್ಟು ಸಕ್ಕರೆಯ ಜೊತೆ ಒಣದಾಗಿ ಬೆರೆಸಿ, ಆಮೇಲೆ ನೀರಿಗೆ ಉದುರಿಸಬೇಕು. ಸಕ್ಕರೆ ಕರಗುತ್ತಾ ಕಣಗಳನ್ನು ದೂರ ಇಡುತ್ತದೆ.

ಐಸ್‌ಕ್ರೀಮಿನಲ್ಲಿ ಇದರ ಕೆಲಸ ನೀರನ್ನು ಹಿಡಿದಿಡುವುದು. ಕರೆಂಟ್ ಹೋಗಿ ಬಂದು ಮಾಡಿದಾಗ ಫ್ರೀಜರಿನ ಐಸ್‌ಕ್ರೀಮ್ ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ಬಿಡಿ ನೀರು ಓಡಾಡಿ ಒಂದೆಡೆ ಸೇರಿ ದೊಡ್ಡ ಮಂಜಿನ ಹರಳಾದರೆ ತಿನ್ನುವಾಗ ಮರಳಿನಂತೆ ಕರಕರ ಅನ್ನುತ್ತದೆ. ಸಿಎಂಸಿ ಬೆರೆತ ದಪ್ಪ ದ್ರವದಲ್ಲಿ ನೀರಿಗೆ ಅಷ್ಟು ಓಡಾಟ ಇಲ್ಲ. ಆದರೆ ಹಾಲಿನ ಪ್ರೊಟೀನಿಗೂ ಇದಕ್ಕೂ ಅಷ್ಟಾಗಿ ಸರಿಹೋಗಲ್ಲ, ಮಿಶ್ರಣ ಒಡೆದು ನೀರು ಬಿಡುತ್ತದೆ. ಅದಕ್ಕೇ ಜೊತೆಗೆ ಕಡಲಕಳೆಯಿಂದ ತೆಗೆದ ಕ್ಯಾರಗೀನನ್, ಅಂದರೆ 407, ಸ್ವಲ್ಪ ಹಾಕುತ್ತಾರೆ. ಪಕ್ಕದಲ್ಲಿ 412 ಅಂತ ಇದ್ದರೆ ಅದು ಗೋರಿಕಾಯಿ ಬೀಜದ ಅಂಟು, ಗೌರ್ ಗಮ್. ನಂಬರ್ ನೋಡಿ ಹೆದರುವ ಮೊದಲು ಅದರ ಹಿಂದಿನ ಗಿಡ ಯಾವುದೆಂದು ನೋಡಬಹುದು ಅನ್ನೋದು ನನ್ನ ಅಭ್ಯಾಸ.

ಕಂಪ್ಯೂಟರ್ ನೋಡಿ ನೋಡಿ ಕಣ್ಣು ಒಣಗಿದಾಗ ವೈದ್ಯರು ಬರೆದುಕೊಡುವ ಹಲವು ‘ಕಣ್ಣೀರು ಹನಿ’ಗಳಲ್ಲೂ ಶೇ. 0.5ರಷ್ಟು ಸಿಎಂಸಿ ಇರುತ್ತದೆ. ಬರೀ ನೀರಾದರೆ ಕೆನ್ನೆಗೆ ಇಳಿದುಹೋಗುತ್ತದೆ, ಇದು ಕಣ್ಣಿನ ಮೇಲೆ ಕೊಂಚ ಹೊತ್ತು ನಿಲ್ಲುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲಿ ಇದರ ಪಾತ್ರ ಇನ್ನೂ ಚೆಂದ. ಸರದ ಮೈ ಹತ್ತಿಯ ಮೈಯಂತೆಯೇ ಇರುವುದರಿಂದ ಬಟ್ಟೆಗೆ ಅಂಟಿಕೊಳ್ಳುತ್ತದೆ, ಬಾಲದ ಋಣ ಹೊರಗೆ ಚಾಚಿರುತ್ತದೆ. ಕೊಳೆಯ ಕಣಗಳಿಗೂ ಋಣವೇ. ಒಮ್ಮೆ ಬಿಟ್ಟ ಕೊಳೆ ವಾಪಸ್ ಬಂದು ಕೂರಲು ಹೋದರೆ ತಳ್ಳಿಸಿಕೊಳ್ಳುತ್ತದೆ. ನಿಮ್ಮ ಫೋನಿನ ಲಿಥಿಯಂ ಬ್ಯಾಟರಿಯೊಳಗೆ ಗ್ರಾಫೈಟ್ ಪುಡಿಯನ್ನು ತಾಮ್ರದ ಹಾಳೆಗೆ ಅಂಟಿಸಿ ಹಿಡಿಯಲೂ ಇದನ್ನೇ ಬಳಸುತ್ತಾರೆ.

ಬಾಲದ ಬದಲು ಮೀಥೈಲ್ ಗುಂಪು (ಒಂದು ಕಾರ್ಬನ್, ಅದಕ್ಕಂಟಿದ ಮೂರು ಹೈಡ್ರೋಜನ್) ಕಟ್ಟಿದರೆ ಇನ್ನೊಂದು ಆಟ. ರಾಗಿ ಅಂಬಲಿ ಮಾಡುವಾಗ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕಲಸಿ, ಆಮೇಲೆ ಕುದಿಯುವ ನೀರಿಗೆ ಬಿಡುತ್ತೇವೆ ಅಲ್ವಾ? ಮೀಥೈಲ್ ಸೆಲ್ಯುಲೋಸಿಗೆ ಇದು ಪೂರ್ತಿ ಉಲ್ಟಾ. ಬಿಸಿನೀರಿಗೆ ಹಾಕಿದರೆ ಪುಡಿ ಕರಗದೆ ಗಂಟಿಲ್ಲದೆ ಹರಡಿಕೊಳ್ಳುತ್ತದೆ. ನೀರು ತಣ್ಣಗಾದ ಹಾಗೆ ಕರಗಿ ದಪ್ಪಗಾಗುತ್ತದೆ. ಆ ದ್ರಾವಣವನ್ನು ಮತ್ತೆ ಕಾಯಿಸಿದರೆ 50-60 ಡಿಗ್ರಿಯ ಆಸುಪಾಸಿನಲ್ಲಿ ಜೆಲ್ಲಿ ಕಟ್ಟುತ್ತದೆ, ಆರಿಸಿದರೆ ಮತ್ತೆ ನೀರು. ಮೀಥೈಲಿಗೆ ನೀರು ಕಂಡರಾಗದು. ತಣ್ಣಗಿರುವಾಗ ನೀರಿನ ಅಣುಗಳು ಅದರ ಸುತ್ತ ಬೇಲಿ ಕಟ್ಟಿ ಬೇರೆಬೇರೆ ಇಡುತ್ತವೆ. ಕಾದಾಗ ಬೇಲಿ ಸಡಿಲಾಗಿ ಮೀಥೈಲುಗಳೆಲ್ಲ ಒಟ್ಟಿಗೆ ಸೇರಿಕೊಳ್ಳುತ್ತವೆ. ಮಾಂಸವಿಲ್ಲದ ‘ಮಾಂಸ’ದ ಕಟ್ಲೆಟ್ ಬಾಣಲೆಯಲ್ಲಿ ಪುಡಿಯಾಗದೆ ನಿಲ್ಲುವುದು ಇದರಿಂದಲೇ.

ಇದರ ಹತ್ತಿರದ ಬಂಧು ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್, ಚಿಕ್ಕದಾಗಿ ಎಚ್‌ಪಿಎಂಸಿ. ಹೊಸ ಮನೆ ಕಟ್ಟಿಸಿದವರ ಕೈಗೆ ಇದು ಗೊತ್ತಿಲ್ಲದೆಯೇ ಅಂಟಿರುತ್ತದೆ. ಹಿಂದೆ ಗಾರೆಯವರು ಟೈಲ್ಸನ್ನು ನೀರಿನ ತೊಟ್ಟಿಯಲ್ಲಿ ನೆನೆಸಿಟ್ಟು ಆಮೇಲೆ ಕೂರಿಸುತ್ತಿದ್ದರು. ಒಣ ಟೈಲ್ ಸಿಮೆಂಟಿನ ನೀರು ಹೀರಿಬಿಟ್ಟರೆ ಸಿಮೆಂಟ್ ಗಟ್ಟಿಯಾಗಲು ನೀರೇ ಸಾಲದು. ಈಗ ಚೀಲದಲ್ಲಿ ಬರುವ ಟೈಲ್ಸ್ ಅಂಟಿಗೆ ನೆನೆಸುವ ಕೆಲಸ ಬೇಡ. ಅದರಲ್ಲಿರುವ ಒಂದು ಚಿಟಿಕೆ ಸೆಲ್ಯುಲೋಸ್ ನೀರನ್ನು ಬಿಟ್ಟುಕೊಡಲ್ಲ. ಗೋಡೆಯ ಪುಟ್ಟಿ ಕರಣೆಯಲ್ಲಿ ಬೆಣ್ಣೆಯಂತೆ ಜಾರುವುದಕ್ಕೂ ಇದೇ ಕಾರಣ. ಔಷಧದ ‘ಸಸ್ಯಾಹಾರಿ ಕ್ಯಾಪ್ಸೂಲ್’ ಸಿಪ್ಪೆಯೂ ಇದರದ್ದೇ.

ಇದೆಲ್ಲ ಸಾಧು ಪ್ರಾಣಿಗಳು. ಅದೇ ಕೈಗಳಿಗೆ ನೈಟ್ರಿಕ್ ಆಮ್ಲದ ತುಣುಕು ಕಟ್ಟಿದರೆ ಪಂಚೆ ಸಿಡಿಮದ್ದಾಗುತ್ತದೆ. 1846ರಲ್ಲಿ ಇದನ್ನು ಸಾರಿದವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಕ್ರಿಶ್ಚಿಯನ್ ಶೋನ್‌ಬೈನ್. ಅಡುಗೆಮನೆಯಲ್ಲಿ ಚೆಲ್ಲಿದ ಆಮ್ಲವನ್ನು ಹೆಂಡತಿಯ ಹತ್ತಿ ಏಪ್ರನ್‌ನಿಂದ ಒರೆಸಿ ಒಲೆ ಮುಂದೆ ಒಣಹಾಕಿದರಂತೆ, ಅದು ಭಗ್ಗೆಂದು ಮಾಯವಾಯಿತಂತೆ. ಕಥೆಗೆ ಉಪ್ಪುಕಾರ ಸೇರಿರಬಹುದು, ರಸಾಯನ ಮಾತ್ರ ನಿಜ. ನೈಟ್ರೋಸೆಲ್ಯುಲೋಸಿಗೆ ಉರಿಯಲು ಹೊರಗಿನ ಗಾಳಿ ಬೇಡ, ಬೇಕಾದ ಆಕ್ಸಿಜನ್ ಮೈಯಲ್ಲೇ ಇದೆ. ಊಟಿಯ ಟಾಯ್ ಟ್ರೈನಿನಲ್ಲಿ ಹೋಗುವಾಗ ಅರವಂಕಾಡು ಅಂತ ಒಂದು ನಿಲ್ದಾಣ ಬರುತ್ತದೆ. ಬ್ರಿಟಿಷರು 20ನೇ ಶತಮಾನದ ಶುರುವಿನಲ್ಲಿ ಅಲ್ಲಿ ಕಟ್ಟಿದ ಕಾರ್ಡೈಟ್ (ಹೊಗೆಯಿಲ್ಲದ ತೋಪಿನ ಮದ್ದು) ಕಾರ್ಖಾನೆಯ ಕಚ್ಚಾವಸ್ತು ಇದೇ ಬಗೆಯ ಹತ್ತಿ.

ಕಮ್ಮಿ ಕೈಗೆ ನೈಟ್ರೇಟ್ ಕಟ್ಟಿದರೆ ಸಿಡಿಯಲ್ಲ, ಜೋರಾಗಿ ಉರಿಯುತ್ತದೆ ಅಷ್ಟೆ. ಅದಕ್ಕೆ ಕರ್ಪೂರ ಬೆರೆಸಿ ಅಮೆರಿಕದ ಜಾನ್ ಹಯಾಟ್ 1870ರ ಆಸುಪಾಸಿನಲ್ಲಿ ಸೆಲ್ಯುಲಾಯ್ಡ್ ಮಾಡಿದರು. ಆನೆದಂತದ ಬಿಲಿಯರ್ಡ್ಸ್ ಚೆಂಡಿಗೆ ಬದಲಿ ಹುಡುಕುತ್ತಾ ಸಿಕ್ಕಿದ್ದು. ಬಾಚಣಿಗೆ, ಗೊಂಬೆ, ಆಮೇಲೆ ಸಿನಿಮಾ ರೀಲು. ಟೇಬಲ್ ಟೆನಿಸ್ ಚೆಂಡು 2014ರವರೆಗೂ ಸೆಲ್ಯುಲಾಯ್ಡಿನದೇ. ಉಗುರುಬಣ್ಣದಲ್ಲಿ ಈಗಲೂ ಇದೆ. ರೀಲಿನ ವಿಷಯದಲ್ಲಿ ಮಾತ್ರ ಬೆಲೆ ತೆರಬೇಕಾಯಿತು. 2003ರಲ್ಲಿ ಪುಣೆಯಲ್ಲಿ ಬೆಂಕಿಬಿದ್ದು ನಮ್ಮ ದೇಶದ ಎಷ್ಟೋ ಹಳೆಯ ನೈಟ್ರೇಟ್ ರೀಲುಗಳು ಸುಟ್ಟುಹೋದವು.

ಬೆಂಕಿಯ ಭಯಕ್ಕೆ ಬಂದದ್ದು ಅಸಿಟೇಟ್. ಇಲ್ಲಿ ಕೈಗೆ ಕಟ್ಟುವುದು ವಿನೆಗರಿನ ಆಮ್ಲ. ಮಜಾ ಅಂದರೆ, ಮೊದಲು ಮೂರೂ ಕೈಗೆ ಕಟ್ಟಿ, ಆಮೇಲೆ ಕೆಲವನ್ನು ಬಿಚ್ಚುತ್ತಾರೆ. ಡಿಎಸ್ 3 ಇದ್ದಾಗ ಅಸಿಟೋನಿನಲ್ಲಿ ಕರಗಲ್ಲ, 2.5ರ ಹತ್ತಿರಕ್ಕೆ ಇಳಿಸಿದರೆ ಕರಗುತ್ತದೆ. ನೇರವಾಗಿ 2.5ಕ್ಕೇ ನಿಲ್ಲಿಸೋಣ ಅಂದರೆ ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಖಾಲಿ ಆಗಿ ಎಡವಟ್ಟಾಗುತ್ತದೆ. ಕನ್ನಡಕದ ಒಳ್ಳೆಯ ಫ್ರೇಮುಗಳು ಇದರವು. 1948ರಲ್ಲಿ ಬಂದ ಟ್ರೈ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಕಾಟ ಇಲ್ಲ. ಆದರೆ ಸೆಕೆ, ತೇವ ಸೇರಿದರೆ ಕಟ್ಟಿದ್ದು ಒಂದೊಂದಾಗಿ ಕಳಚಿ ವಾಪಸ್ ವಿನೆಗರ್ ಆಗುತ್ತದೆ. ಹೊರಬಂದ ಆಮ್ಲ ಇನ್ನಷ್ಟು ಕಳಚುತ್ತದೆ. ಡಬ್ಬ ತೆರೆದರೆ ಹುಳಿ ವಾಸನೆ, ಒಳಗೆ ಮುದುಡಿದ ರೀಲು. ಈ ಕಾಯಿಲೆಯ ಮೊದಲ ದೂರು ಕೊಡಾಕ್ ಕಂಪನಿಗೆ ಹೋದದ್ದು ಭಾರತ ಸರ್ಕಾರದಿಂದ. ನಮ್ಮ ಹವೆಗೆ ಅದು ಹತ್ತು ವರ್ಷವೂ ತಡೆಯಲಿಲ್ಲ.

ಕೊನೆಗೆ ವಿಸ್ಕೋಸ್, ಅಂದರೆ ರೇಯಾನ್. ಇಲ್ಲಿ ಕಟ್ಟುವುದು ತಾತ್ಕಾಲಿಕ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ ಕಂಡುಹಿಡಿದ ದಾರಿ. ಮರದ ತಿರುಳನ್ನು ಕಾಸ್ಟಿಕ್‌ನಲ್ಲಿ ನೆನೆಸಿ, ಹಿಂಡಿ, ಪುಡಿಮಾಡಿ, ಕಾರ್ಬನ್ ಡೈಸಲ್ಫೈಡ್ ಜೊತೆ ತಿರುಗಿಸಿದರೆ ಕಿತ್ತಳೆ ಬಣ್ಣದ ಪುಡಿ ಸಿಗುತ್ತದೆ. ಅದು ತೆಳು ಕಾಸ್ಟಿಕ್‌ನಲ್ಲಿ ಕರಗಿ ಜೇನುತುಪ್ಪದಂತಾಗುತ್ತದೆ. ಕೂದಲಿನಷ್ಟು ಸಣ್ಣ ತೂತುಗಳ ಜರಡಿಯಿಂದ ಅದನ್ನು ಶಾವಿಗೆ ಒತ್ತಿದಂತೆ ಗಂಧಕಾಮ್ಲದ ತೊಟ್ಟಿಗೆ ಒತ್ತುತ್ತಾರೆ. ಆಮ್ಲ ತಾಗಿದ್ದೇ ಕಟ್ಟಿದ್ದೆಲ್ಲ ಕಳಚಿ, ಕೈಗಳು ಬಿಡುಗಡೆಯಾಗಿ ಮತ್ತೆ ಒಂದನ್ನೊಂದು ಹಿಡಿಯುತ್ತವೆ. ಮರ ನೂಲಾಯಿತು, ರಾಸಾಯನಿಕವಾಗಿ ಮತ್ತೆ ಶುದ್ಧ ಸೆಲ್ಯುಲೋಸ್.

ನಮ್ಮ ಹರಿಹರದ ಪಕ್ಕ, ತುಂಗಭದ್ರೆಯ ದಡದ ಕುಮಾರಪಟ್ಟಣದ ಕಾರ್ಖಾನೆಯಲ್ಲಿ 1970ರ ದಶಕದಿಂದ ನಡೆಯುತ್ತಿರುವುದು ಇದೇ ಕೆಲಸ. ಅದಕ್ಕೆ ಬೇಕಾದ ನೀಲಗಿರಿ ಮರಕ್ಕಾಗಿ 1984ರಲ್ಲಿ ಸರ್ಕಾರ ಆ ಕಾರ್ಖಾನೆಯ ಕಂಪನಿ ಜೊತೆ ಸೇರಿ ಊರವರ ಗೋಮಾಳಗಳಲ್ಲಿ ನೆಡುತೋಪು ಮಾಡಹೊರಟಾಗ ಧಾರವಾಡ ಸೀಮೆಯ ಹಳ್ಳಿಗರು ತಿರುಗಿಬಿದ್ದರು. 1987ರ ನವೆಂಬರ್‌ನಲ್ಲಿ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಬೇಕಾದ ಗಿಡ ಹಚ್ಚಿದರು. ‘ನೈಸರ್ಗಿಕ ನೂಲು’ ಅನ್ನುವ ಚೀಟಿ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಕಾರ್ಬನ್ ಡೈಸಲ್ಫೈಡ್ ಕೂಡ ಸಾಮಾನ್ಯದ್ದಲ್ಲ. ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರ ನರ, ಮನಸ್ಸು ಎರಡನ್ನೂ ಕೆಡಿಸಿದ ವಸ್ತು ಅದು. ಲಯೋಸೆಲ್ ಎಂಬ ಹೊಸ ದಾರಿಯಲ್ಲಿ ಅದಿಲ್ಲ. ಕೈಗೆ ಏನೂ ಕಟ್ಟದೆ, ಬೇರೊಂದು ದ್ರಾವಕದಲ್ಲಿ ಸೆಲ್ಯುಲೋಸನ್ನು ನೇರ ಕರಗಿಸಿ, ದ್ರಾವಕವನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಪಡೆಯುತ್ತಾರೆ.

ರೇಯಾನ್ ಮತ್ತು ಹತ್ತಿ ಒಂದೇ ವಸ್ತುವಾದರೆ ನನ್ನ ರೇಯಾನ್ ಕುರ್ತಾ ಹಿಂಡುವಾಗ ಹರಿದದ್ದು ಯಾಕೆ? ಈ ಪ್ರಯಾಣದಲ್ಲಿ ಸರಗಳು ತುಂಡಾಗಿ ಗಿಡ್ಡವಾಗಿರುತ್ತವೆ, ಮಲಗಿರುವುದೂ ಅಷ್ಟು ಒತ್ತಾಗಿ ಅಲ್ಲ. ನೀರು ಒಳಗೆ ನುಗ್ಗುತ್ತದೆ, ಒದ್ದೆ ರೇಯಾನಿನ ಬಲ ಅರ್ಧಕ್ಕೆ ಇಳಿಯುತ್ತದೆ. ಹತ್ತಿ ಒದ್ದೆಯಾದರೆ ಇನ್ನೂ ಗಟ್ಟಿ. ಹಾಗಾಗಿ ರೇಯಾನನ್ನು ಹಿಂಡಬೇಡಿ, ಸುಮ್ನೆ ನೇತುಹಾಕಿ. ಅಂಗಡಿಯವರು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಸೀರೆಯನ್ನು ರೇಷ್ಮೆ ಅಂದಾಗ ಅನುಮಾನ ಬಂದರೆ ಸೆರಗಿನ ಒಂದು ಎಳೆ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ರೇಯಾನ್ ಆದರೆ ಕಾಗದ ಸುಟ್ಟ ವಾಸನೆ ಮತ್ತು ಹಗುರ ಬೂದಿ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ.

ಇನ್ನು ಆ ಡಿಎಸ್. ಸೆಲ್ಯುಲೋಸನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಬರಿಗೈಯ ಮಣಿಗಳು ಬೇಕು. ಕೈಗೆ ಕಟ್ಟಿದ್ದು ಜಾಸ್ತಿಯಾದಷ್ಟೂ ಅವುಗಳ ಕಿಣ್ವಕ್ಕೆ ಸರದ ಗುರುತು ಸಿಗಲ್ಲ. ಸಿಗರೇಟಿನ ಫಿಲ್ಟರ್ ನೋಡಲು ಹತ್ತಿಯಂತಿದೆ, ಅದು ಡಿಎಸ್ 2.5ರ ಹತ್ತಿರದ ಅಸಿಟೇಟ್. ಹಳೆಯ ಪಂಚೆಯ ಚೂರನ್ನೂ ಒಂದು ಫಿಲ್ಟರನ್ನೂ ತಿಪ್ಪೆಯಲ್ಲಿ ಹೂಳಿದರೆ, ಪಂಚೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಫಿಲ್ಟರ್ ಮುಂದಿನ ವರ್ಷ ಗೊಬ್ಬರ ಹೊಡೆಯುವಾಗಲೂ ಗುದ್ದಲಿಗೆ ಸಿಗುತ್ತದೆ.